ಎರಡು ಪೊರೆ ಒಂದಾಗುವ ಗಳಿಗೆ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶಾಲೆಗೆ ನೂರು ತುಂಬಿದ ಈ ಸಂಭ್ರಮದಲ್ಲಿ ನಮ್ಮಿಂದ ನೀವು ಶಾಲೆಯ ಇತಿಹಾಸವನ್ನೋ ಗಡಿನಾಡಿನ ಕನ್ನಡದ ಕಷ್ಟಸುಖವನ್ನೋ ನಿರೀಕ್ಷಿಸಿರಬಹುದು. ಅವನ್ನು ನಮಗಿಂತ ಬಲ್ಲವರು ಈ ವೇದಿಕೆಯಲ್ಲಿ ಹೇಳಿದ್ದಾರೆ, ಇನ್ನೂ ಹೇಳಲಿದ್ದಾರೆ. ನಾವು ಇಂದು ಆರಿಸಿಕೊಂಡಿರುವುದು ಒಂದು ಜೀವಕೋಶದ ಕಥೆಯನ್ನು. ಕಣ್ಣಿಗೆ ಕಾಣದ ಆ ಕೋಶ ತನ್ನೊಳಗೆ ಕೂಡಿಟ್ಟ ಇನ್ಸುಲಿನ್ನನ್ನು ಹೇಗೆ ಹೊರಗೆ ಬಿಡುತ್ತದೆ ಎಂಬುದೇ ನಮ್ಮ ವಿಷಯ. ನಾವು ಕನ್ನಡ ಎಂ.ಎ. ಓದಿದವರು, ತರಗತಿಯಲ್ಲಿ ಷಟ್ಪದಿಯ ಲಯವನ್ನೂ ಸಂಧಿ ಸಮಾಸಗಳನ್ನೂ ಹೇಳಿಕೊಟ್ಟವರು. ನಮಗೇಕೆ ಜೀವಶಾಸ್ತ್ರದ ಉಸಾಬರಿ ಎಂದು ನೀವು ಕೇಳುವುದು ಸಹಜ. ಉತ್ತರವಾಗಿ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಸಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಮಳೆಗಾಲ ಕಳೆದು ಶಾಲೆ ತುರುಸಾಗಿ ನಡೆಯುತ್ತಿದ್ದ ದಿನಗಳು. ಅವಳು ಪಾಠದ ನಡುವೆ ಪದೇ ಪದೇ ಎದ್ದು ನೀರು ಕುಡಿಯಲು ಹೋಗುತ್ತಿದ್ದಳು, ಪದೇ ಪದೇ ಶೌಚಾಲಯಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನದ ಮೇಲೆ ಬೆಂಚಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು. ಒಳ್ಳೆಯ ಅಂಕ ಪಡೆಯುತ್ತಿದ್ದವಳು ಹಿಂದೆ ಬಿದ್ದಳು. ಯೂನಿಫಾರ್ಮು ಸಡಿಲವಾದದ್ದು ನಮಗೆ ಕಂಡಿತ್ತು. ಅದರ ಅರ್ಥ ಹೊಳೆಯಲಿಲ್ಲ. ನಾವು ಅವಳನ್ನು ಎಲ್ಲರ ಎದುರಿಗೆ ಗದರಿದೆವು. ಪಾಠ ತಪ್ಪಿಸಿಕೊಳ್ಳಲು ನೀರಿನ ನೆಪ ಹೂಡುತ್ತೀಯೆ ಎಂದು ಕೇಳಿದೆವು. ಅವಳು ತಲೆ ತಗ್ಗಿಸಿ ನಿಂತಳು. ಆ ವಾರದ ಕೊನೆಗೆ ವಾಂತಿ, ಹೊಟ್ಟೆನೋವು, ಏದುಸಿರಿನಿಂದ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಒಂದನೆಯ ಬಗೆಯ ಮಧುಮೇಹ, ಅಂದರೆ ಟೈಪ್ 1 ಡಯಾಬಿಟೀಸ್, ಎಂದು ವೈದ್ಯರು ಹೇಳಿದರು. ಇನ್ನೊಂದೆರಡು ದಿನ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲವೆಂದೂ ಹೇಳಿದರು.

ಹತ್ತು ದಿನಗಳ ನಂತರ ಅವಳ ತಾಯಿ ನಮ್ಮ ಕೊಠಡಿಗೆ ಬಂದರು. ಕೈಯಲ್ಲಿದ್ದ ಕಾಗದಗಳೆಲ್ಲ ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಇದ್ದವು. ಆ ತಾಯಿ ಓದಬಲ್ಲದ್ದು ಕನ್ನಡ ಮಾತ್ರ. ಅವರೂ ಇದೇ ಶಾಲೆಯ ಹಳೆ ವಿದ್ಯಾರ್ಥಿನಿ. "ಟೀಚರ್, ನಾನು ಅವಳಿಗೆ ಸಣ್ಣದರಲ್ಲಿ ಬೆಲ್ಲ ಜಾಸ್ತಿ ಕೊಟ್ಟೆ. ಅದರಿಂದಲೇ ಹೀಗಾಯಿತಾ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಜೀವಶಾಸ್ತ್ರದ ಅಧ್ಯಾಪಕರನ್ನು ಕರೆದೆವು. ಅವರು ಎಸ್.ಎಸ್.ಎಲ್.ಸಿ.ಯ ಪಾಠದಲ್ಲಿದ್ದುದನ್ನು ಹೇಳಿದರು. ತಾಯಿಯ ಸಂಶಯ ಅಷ್ಟಕ್ಕೆ ತೀರಲಿಲ್ಲ. ಅಂದಿನಿಂದ ನಾವಿಬ್ಬರೂ ಸಂಜೆ ಶಾಲೆ ಬಿಟ್ಟ ಮೇಲೆ ಕುಳಿತು ಓದತೊಡಗಿದೆವು. ಆ ಓದಿನ ಸಾರವೇ ಈ ಭಾಷಣ. ಆ ಹುಡುಗಿ ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವಳ ಅನುಮತಿ ಪಡೆದೇ ಈ ಮಾತುಗಳನ್ನು ಆಡುತ್ತಿದ್ದೇವೆ.

ಉಂಡ ಅನ್ನ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದು ರಕ್ತದಲ್ಲಿ ಸುತ್ತುತ್ತಿದ್ದರೆ ಪ್ರಯೋಜನವಿಲ್ಲ. ಸ್ನಾಯುಗಳೊಳಗೆ, ಕೊಬ್ಬಿನ ಕೋಶಗಳೊಳಗೆ ಹೋಗಿ ಸೇರಬೇಕು. ಒಳಗೆ ಬಿಟ್ಟುಕೊಳ್ಳಿರೆಂದು ಆ ಕೋಶಗಳಿಗೆ ಹೇಳುವ ದೂತನೇ ಇನ್ಸುಲಿನ್. ಇಂಥ ದೂತರನ್ನು ಹಾರ್ಮೋನುಗಳೆನ್ನುತ್ತೇವೆ. ಇನ್ಸುಲಿನ್ ಹುಟ್ಟುವುದು ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯಲ್ಲಿ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನಿಯ ತರುಣ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ಈ ಗ್ರಂಥಿಯನ್ನು ನೋಡುತ್ತಿದ್ದಾಗ ಅಲ್ಲಲ್ಲಿ ಬೇರೆ ಬಗೆಯ ಕೋಶಗಳ ಗುಂಪುಗಳು ಕಂಡವು, ಸಮುದ್ರದ ನಡುವಿನ ಕಿರುದ್ವೀಪಗಳಂತೆ. ಅವು ಏನು ಮಾಡುತ್ತವೆಂದು ಆತನಿಗೆ ತಿಳಿಯಲಿಲ್ಲ. ಇಂದು ಅವಕ್ಕೆ ಆತನ ಹೆಸರೇ ಇದೆ. ನಮ್ಮೊಳಗೆ ಇಂಥ ದ್ವೀಪಗಳು ಸುಮಾರು 10 ಲಕ್ಷ. ಅವುಗಳಲ್ಲಿರುವ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸುತ್ತವೆ.

ನಮ್ಮ ಶಾಲೆ ಹುಟ್ಟಿದ ಕಾಲದಲ್ಲಿ, ಅಂದರೆ ಈ ಊರು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ, ಈ ಕಾಯಿಲೆ ಬಂದ ಮಗು ಬದುಕುತ್ತಿರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರೊಫೆಸರ್ ಮ್ಯಾಕ್ಲಿಯಾಡರ ಪ್ರಯೋಗಶಾಲೆಯಲ್ಲಿ, ಪ್ರಾಣಿಗಳ ಮೇದೋಜೀರಕದಿಂದ ಸಕ್ಕರೆಯನ್ನು ಇಳಿಸುವ ಸಾರವನ್ನು ತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಮೊದಲ ಸಲ ಗುಣ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಆ ಸಾರವನ್ನು ಶುದ್ಧಗೊಳಿಸಿಕೊಟ್ಟ ಮೇಲೆ ಜನವರಿ 23ರಂದು ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡನು. ಮುಂದೆ 13 ವರ್ಷ ಬದುಕಿದನು. 14 ವರ್ಷವೆಂದರೆ ನಮ್ಮ ಎಂಟು-ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸು. ಬ್ಯಾಂಟಿಂಗ್ ಹುಟ್ಟಿದ ದಿನವಾದ ನವೆಂಬರ್ 14ನ್ನು ಲೋಕವೆಲ್ಲ ಮಧುಮೇಹ ದಿನವೆಂದು ಆಚರಿಸುತ್ತದೆ. ಅದೇ ದಿನ ನಮ್ಮ ಶಾಲೆಗಳಲ್ಲಿ ಮಕ್ಕಳ ದಿನಾಚರಣೆ. ಎಷ್ಟೋ ವರ್ಷ ನಾವು ಆ ದಿನ ಮಿಠಾಯಿ ಹಂಚಿದ್ದೇವೆ. ಈ ಇನ್ನೊಂದು ಅರ್ಥ ನಮಗೆ ಗೊತ್ತಿರಲಿಲ್ಲ.

ಇನ್ನು ಆ ಬೀಟಾ ಕೋಶದ ಒಳಗೆ ಹೋಗೋಣ. ಇನ್ಸುಲಿನ್ ಒಂದು ಪ್ರೋಟೀನು. 51 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಎರಡು ಸರಗಳು. ಇವುಗಳ ಕ್ರಮವನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಫ್ರೆಡರಿಕ್ ಸ್ಯಾಂಗರರಿಗೆ 1958ರ ನೊಬೆಲ್ ಪಾರಿತೋಷಕ ದೊರೆಯಿತು. ಕೋಶ ಇದನ್ನು ಆಯಾ ಹೊತ್ತಿಗೆ ಮಾಡಿ ಆಯಾ ಹೊತ್ತಿಗೆ ಹಂಚುವುದಿಲ್ಲ. ಮೊದಲೇ ಮಾಡಿ ಕೂಡಿಡುತ್ತದೆ. ನಮ್ಮ ಕೃಷಿಕರು ಅಡಿಕೆಯನ್ನು ಕೊಯ್ದು, ಅಂಗಳದಲ್ಲಿ ಒಣಗಿಸಿ, ಸುಲಿದು, ಗೋಣಿಯಲ್ಲಿ ತುಂಬಿ ಅಟ್ಟದಲ್ಲಿಟ್ಟುಕೊಂಡು ಧಾರಣೆ ಬರುವವರೆಗೆ ಕಾಯುತ್ತಾರಲ್ಲ, ಹಾಗೆ. ಕೋಶದೊಳಗಿನ ಗೋಣಿಗಳೆಂದರೆ ತೆಳುಪೊರೆಯ ಕಿರುಚೀಲಗಳು. ಒಂದೊಂದು ಚೀಲದ ಅಡ್ಡಳತೆ ಮಿಲಿಮೀಟರಿನ ಮೂರು ಸಾವಿರದ ಒಂದು ಭಾಗದಷ್ಟು. ಒಂದೇ ಬೀಟಾ ಕೋಶದಲ್ಲಿ ಇಂಥವು ಸುಮಾರು ಹತ್ತು ಸಾವಿರ. ಚೀಲದ ಒಳಗೆ ಆರಾರು ಇನ್ಸುಲಿನ್ ಅಣುಗಳು ಸತುವಿನ ಜೊತೆ ಕಟ್ಟಿಕೊಂಡು ಹರಳಾಗಿ ಕುಳಿತಿರುತ್ತವೆ. ಹರಳಾಗಿದ್ದರೆ ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ, ಕೆಡುವುದೂ ಇಲ್ಲ.

ಹತ್ತು ಸಾವಿರ ಚೀಲಗಳೂ ಒಮ್ಮೆಗೇ ಬರಿದಾಗುವುದಿಲ್ಲ. ಬಹುಪಾಲು ಒಳಗೆ ಉಳಿಯುತ್ತವೆ. ಕೆಲವು ನೂರು ಮಾತ್ರ ಹೊರಪೊರೆಯ ಒಳಮೈಗೆ ತಾಗಿ ನಿಂತಿರುತ್ತವೆ, ಕಡವಿನಲ್ಲಿ ಕಟ್ಟಿದ ದೋಣಿಗಳ ಹಾಗೆ. ಚಂದ್ರಗಿರಿ ಹೊಳೆಯನ್ನು ದೋಣಿಯಲ್ಲಿ ದಾಟಿ ಶಾಲೆಗೆ ಬಂದವರಿಗೆ ಕಡವೆಂದರೇನೆಂದು ಹೇಳಬೇಕಾಗಿಲ್ಲ. ಆ ದೋಣಿಗಳಲ್ಲೂ ಕೆಲವು ಅಪ್ಪಣೆಯಾದ ಕ್ಷಣಕ್ಕೇ ಹೊರಡಲು ಸಿದ್ಧ. ಉಳಿದವಕ್ಕೆ ಇನ್ನೂ ಸ್ವಲ್ಪ ಸಿದ್ಧತೆ ಬೇಕು. ಆದ್ದರಿಂದ ಊಟವಾದ ಮೇಲೆ ಇನ್ಸುಲಿನ್ ಎರಡು ಹಂತಗಳಲ್ಲಿ ಬರುತ್ತದೆ. ಮೊದಲ ಹತ್ತು ನಿಮಿಷಗಳಲ್ಲಿ ಒಂದು ಜೋರಿನ ಸುರಿತ. ಆಮೇಲೆ ಸಕ್ಕರೆ ಮೇಲಿರುವಷ್ಟು ಹೊತ್ತು ನಿಧಾನದ ಹರಿವು.

ಅಪ್ಪಣೆ ಕೊಡುವವರು ಯಾರು? ಸಕ್ಕರೆಯೇ. ರಕ್ತದಲ್ಲಿ ಗ್ಲೂಕೋಸ್ ಹೆಚ್ಚಿದರೆ ಅದು ಬೀಟಾ ಕೋಶದ ಒಳಗೂ ಹೆಚ್ಚುತ್ತದೆ. ಕೋಶ ಅದನ್ನು ಉರಿಸಿ ಎ.ಟಿ.ಪಿ. ಎಂಬ ಶಕ್ತಿಯ ಅಣುವನ್ನು ಮಾಡಿಕೊಳ್ಳುತ್ತದೆ. ಎ.ಟಿ.ಪಿ. ಹೆಚ್ಚಾದಾಗ ಹೊರಪೊರೆಯಲ್ಲಿರುವ ಪೊಟ್ಯಾಸಿಯಂ ಬಾಗಿಲುಗಳು ಮುಚ್ಚುತ್ತವೆ. ಕೋಶದ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟಿನಷ್ಟು ವಿದ್ಯುತ್ತಿನ ಅಂತರ ಸದಾ ಇರುತ್ತದೆ. ಈ ಬಾಗಿಲುಗಳು ಮುಚ್ಚಿದಾಗ ಆ ಅಂತರ ಕುಗ್ಗುತ್ತದೆ. ಕುಗ್ಗಿದ್ದನ್ನು ಅರಿತು ಇನ್ನೊಂದು ಬಗೆಯ ಬಾಗಿಲು ತೆರೆಯುತ್ತದೆ. ಅದು ಕ್ಯಾಲ್ಸಿಯಮ್ಮಿನ ಬಾಗಿಲು. ಕ್ಯಾಲ್ಸಿಯಂ ಕೋಶದ ಒಳಗಿರುವುದಕ್ಕಿಂತ ಹೊರಗೆ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರುತ್ತದೆ. ಬಾಗಿಲು ತೆರೆದೊಡನೆ ಅದು ಕಟ್ಟೆಯ ಹಲಗೆ ಎತ್ತಿದಾಗ ನೀರು ನುಗ್ಗುವಂತೆ ಒಳಗೆ ನುಗ್ಗುತ್ತದೆ. ಎರಡನೆಯ ಬಗೆಯ ಮಧುಮೇಹದವರು, ಅಂದರೆ ನಮ್ಮ ವಯಸ್ಸಿನ ಬಹಳ ಮಂದಿ, ನುಂಗುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಕೆಲಸ ಮಾಡುವುದು ಇದೇ ಪೊಟ್ಯಾಸಿಯಂ ಬಾಗಿಲಿನಲ್ಲಿ. ಅದು ಸಕ್ಕರೆಯ ಬದಲಿಗೆ ತಾನೇ ಆ ಬಾಗಿಲನ್ನು ಮುಚ್ಚುತ್ತದೆ.

ಈಗ ಮುಖ್ಯ ಗಳಿಗೆಗೆ ಬಂದೆವು. ದೋಣಿ ಕಡವಿನಲ್ಲಿದೆ, ಅಪ್ಪಣೆಯೂ ಆಗಿದೆ. ಆದರೆ ಇನ್ಸುಲಿನ್ ಹೊರಗೆ ಹೋಗುವುದು ಹೇಗೆ? ಚೀಲಕ್ಕೂ ಪೊರೆ, ಕೋಶಕ್ಕೂ ಪೊರೆ. ಹೊರಪೊರೆಯನ್ನು ಹರಿದರೆ ಕೋಶವೇ ಸೋರಿ ಸಾಯುತ್ತದೆ. ಹರಿಯದೆ ದಾರಿ ಬಿಡುವ ಉಪಾಯವನ್ನು ತಿಳಿಯಬೇಕಾದರೆ ಪೊರೆ ಎಂಥದೆಂದು ಅರಿಯಬೇಕು. ಅದು ಕೊಬ್ಬಿನ ಜಾತಿಯ ಅಣುಗಳ ಎರಡು ಸಾಲು. ಪ್ರತಿ ಅಣುವಿಗೂ ನೀರನ್ನು ಬಯಸುವ ತಲೆ, ನೀರನ್ನು ಒಲ್ಲದ ಬಾಲ. ಬಾಲಗಳು ಒಳಮುಖವಾಗಿ ಒಂದಕ್ಕೊಂದು ಎದುರಾಗಿ, ತಲೆಗಳು ಎರಡು ಬದಿಗೂ ಹೊರಮುಖವಾಗಿ ನಿಲ್ಲುತ್ತವೆ. ಇಡೀ ಪೊರೆಯ ದಪ್ಪ ಮಿಲಿಮೀಟರಿನ ಎರಡು ಲಕ್ಷದ ಒಂದು ಭಾಗ. ಅಣುಗಳನ್ನು ಒಂದಕ್ಕೊಂದು ಹೊಲಿದಿಲ್ಲ. ಅವು ಒತ್ತಾಗಿ ನಿಂತು ಜಾರಾಡುತ್ತಿರುತ್ತವೆ. ಆದ್ದರಿಂದ ಎರಡು ಪೊರೆಗಳು ಕೂಡಿ ಒಂದಾಗುವುದು ಸಾಧ್ಯ. ಅಡುಗೆಮನೆಯಲ್ಲಿ ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯನ್ನು ನೋಡಿ. ಎರಡು ಹನಿಗಳು ಪಕ್ಕದಲ್ಲೇ ತೇಲುತ್ತಿರುತ್ತವೆ, ಸೇರುವುದಿಲ್ಲ. ಸೌಟಿನ ತುದಿಯಿಂದ ಸ್ವಲ್ಪ ಒತ್ತಿದರೆ ಒಮ್ಮೆಲೇ ಒಂದಾಗುತ್ತವೆ. ಪೊರೆಗಳ ರಚನೆ ಎಣ್ಣೆಯ ಹನಿಯದಲ್ಲ, ಆದರೂ ಒತ್ತುವ ಕೈ ಬೇಕೆಂಬುದು ಎರಡಕ್ಕೂ ಸಮಾನ. ಪೊರೆಗಳ ತಲೆಗಳು ನೀರನ್ನು ಹಿಡಿದುಕೊಂಡಿರುವುದರಿಂದ ಅವು ತಾವಾಗಿ ಹತ್ತಿರ ಬರಲೊಲ್ಲವು.

ಒತ್ತುವ ಆ ಕೈಗಳು ಸ್ನೇರ್ ಎಂಬ ಪ್ರೋಟೀನುಗಳು. ಚೀಲದ ಪೊರೆಯಲ್ಲಿ ವ್ಯಾಂಪ್ ಎಂಬುದೊಂದು. ಹೊರಪೊರೆಯಲ್ಲಿ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಎಂಬ ಎರಡು. ಎದುರುಬದುರಾದಾಗ ಈ ಮೂರೂ ಹಗ್ಗದ ಎಳೆಗಳಂತೆ ಹೊಸೆದುಕೊಳ್ಳುತ್ತವೆ. ಹೊಸೆತ ದೂರದ ತುದಿಯಲ್ಲಿ ಆರಂಭವಾಗಿ ಪೊರೆಗಳ ಕಡೆಗೆ ಸಾಗುತ್ತದೆ. ಮಕ್ಕಳು ಬ್ಯಾಗಿನ ಝಿಪ್ಪನ್ನು ಎಳೆಯುವುದನ್ನು ನೆನೆಯಿರಿ; ಝಿಪ್ ಮುಂದೆ ಸರಿದಂತೆ ದೂರವಿದ್ದ ಎರಡು ಅಂಚುಗಳು ಹತ್ತಿರವಾಗುತ್ತವೆ. ಹೊಸೆತ ಅರ್ಧಕ್ಕೆ ಬಂದು ನಿಂತಿರುತ್ತದೆ. ಕ್ಯಾಲ್ಸಿಯಂ ನುಗ್ಗಿದಾಗ ಅದನ್ನು ಸಿನಾಪ್ಟೊಟ್ಯಾಗ್ಮಿನ್ ಎಂಬ ಇನ್ನೊಂದು ಪ್ರೋಟೀನು ಹಿಡಿದು, ತಡೆದದ್ದನ್ನು ಬಿಡಿಸುತ್ತದೆ. ಝಿಪ್ ಕೊನೆಯವರೆಗೆ ಎಳೆದುಕೊಳ್ಳುತ್ತದೆ. ಎರಡು ಪೊರೆಗಳ ಎದುರುಬದುರಿನ ಸಾಲುಗಳು ಮೊದಲು ಕೂಡುತ್ತವೆ, ಆಮೇಲೆ ಆಚೆಗಿನ ಸಾಲುಗಳು. ನಡುವೆ ಒಂದು ಕಿರುರಂಧ್ರ ತೆರೆದು ಅಗಲವಾಗುತ್ತದೆ. ಚೀಲದ ಒಳಗು ಕೋಶದ ಹೊರಗಾಗುತ್ತದೆ. ಯಾವುದೂ ಹರಿದಿಲ್ಲ, ಒಂದು ಹನಿಯೂ ಸೋರಿಲ್ಲ. ದೋಣಿ ದಡಕ್ಕೆ ತಾಗಿ ದಡದ ಭಾಗವೇ ಆಗಿಬಿಟ್ಟಂತೆ ಚೀಲದ ಪೊರೆ ಕೋಶದ ಪೊರೆಯಲ್ಲಿ ಸೇರಿಹೋಗುತ್ತದೆ.

ಹೊರಗೆ ಬಿದ್ದ ಹರಳು ರಕ್ತದ ಹದಕ್ಕೆ ಕರಗುತ್ತದೆ, ಸತು ಕಳಚಿಕೊಳ್ಳುತ್ತದೆ, ಇನ್ಸುಲಿನ್ ಬಿಡಿಬಿಡಿಯಾಗಿ ಹೊರಡುತ್ತದೆ. ಹೊಸೆದುಕೊಂಡ ಎಳೆಗಳನ್ನು ಬಿಡಿಸಲು ಬೇರೆ ಪ್ರೋಟೀನುಗಳಿವೆ, ಅವು ಎ.ಟಿ.ಪಿ. ಖರ್ಚು ಮಾಡಿ ಅವನ್ನು ಮುಂದಿನ ಸಲಕ್ಕೆ ಅಣಿಗೊಳಿಸುತ್ತವೆ. ಹೊರಪೊರೆಗೆ ಸೇರಿದ ಹೆಚ್ಚಿನ ಪೊರೆಯನ್ನೂ ಕೋಶ ಮತ್ತೆ ಒಳಗೆಳೆದುಕೊಳ್ಳುತ್ತದೆ. ಇನ್ಸುಲಿನ್ ಸ್ನಾಯುವಿನ ಕೋಶವನ್ನು ಮುಟ್ಟಿದಾಗ ಅಲ್ಲಿಯೂ ಇದೇ ಕ್ರಮ ನಡೆಯುತ್ತದೆ. ಗ್ಲೂಕೋಸಿಗೆ ದಾರಿ ಕೊಡುವ ಬಾಗಿಲುಗಳನ್ನು ಹೊತ್ತ ಕಿರುಚೀಲಗಳು ಸ್ನಾಯುಕೋಶದ ಒಳಗೆ ಕಾದಿರುತ್ತವೆ. ಇನ್ಸುಲಿನ್ನಿನ ಸುದ್ದಿ ಬಂದಾಗ ಅವು ಹೊರಪೊರೆಗೆ ಬಂದು ಕೂಡುತ್ತವೆ, ಬಾಗಿಲುಗಳು ಮೇಲ್ಮೈಗೆ ಬರುತ್ತವೆ, ಸಕ್ಕರೆ ಒಳಗೆ ಹೋಗುತ್ತದೆ. ಸುದ್ದಿ ಹೊರಡುವಲ್ಲಿಯೂ ಪೊರೆಗಳ ಕೂಡಿಕೆ, ಸುದ್ದಿ ತಲುಪಿದಲ್ಲಿಯೂ ಪೊರೆಗಳ ಕೂಡಿಕೆ.

ಇಷ್ಟನ್ನು ಮನುಷ್ಯ ತಿಳಿದದ್ದು ಒಂದು ದಿನದಲ್ಲಲ್ಲ. ರುಮೇನಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಜಾರ್ಜ್ ಪಲಾಡೆ, ಇದೇ ಮೇದೋಜೀರಕದ ಕೋಶಗಳಲ್ಲಿ ಪ್ರೋಟೀನು ಹುಟ್ಟಿದಲ್ಲಿಂದ ಹೊರಬೀಳುವವರೆಗಿನ ದಾರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಗುರುತಿಸಿದರು. 1974ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದರು. ರ‍್ಯಾಂಡಿ ಶೆಕ್‌ಮನ್ ಯೀಸ್ಟನ್ನು, ಎಂದರೆ ಬ್ರೆಡ್ಡಿನ ಹಿಟ್ಟನ್ನು ಹುದುಗಿಸುವ ಶಿಲೀಂಧ್ರವನ್ನು, ಹಿಡಿದು ಯಾವ ಜೀನು ಕೆಟ್ಟರೆ ಚೀಲಗಳು ಹೊರಬೀಳದೆ ಒಳಗೇ ರಾಶಿಬೀಳುತ್ತವೆಂದು ಹುಡುಕಿದರು. ಜೇಮ್ಸ್ ರಾತ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಮಿದುಳಿನಿಂದ ಸ್ನೇರ್ ಪ್ರೋಟೀನುಗಳ ಜೋಡಣೆಯನ್ನು ತೋರಿಸಿದರು. ಥಾಮಸ್ ಸುಡಾಫ್ ಕ್ಯಾಲ್ಸಿಯಮ್ಮಿನ ಪಾತ್ರವನ್ನು ಬಿಡಿಸಿದರು. ಈ ಮೂವರಿಗೂ 2013ರ ನೊಬೆಲ್ ಒಟ್ಟಿಗೆ ಬಂತು. ಮಿದುಳು, ಯೀಸ್ಟು, ಮೇದೋಜೀರಕ ಎಲ್ಲದರಲ್ಲೂ ಉಪಾಯ ಒಂದೇ ಬಗೆಯದು.

ಈ ಪ್ರೋಟೀನುಗಳು ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ಶಾಲೆಯಲ್ಲೇ ಒಂದು ಸಾಕ್ಷಿಯಿದೆ. 10 ಮತ್ತು 16ನೆಯ ವಯಸ್ಸಿನಲ್ಲಿ ಮಕ್ಕಳಿಗೆ ಧನುರ್ವಾಯುವಿನ ಚುಚ್ಚುಮದ್ದು ಕೊಡುತ್ತಾರೆ. ಧನುರ್ವಾಯುವಿನ ವಿಷ ಮಾಡುವ ಕೆಲಸವೇನೆಂದರೆ, ಸ್ನಾಯುಗಳಿಗೆ ಸಾಕು, ನಿಲ್ಲು ಎಂದು ಹೇಳುವ ನರಕೋಶಗಳಲ್ಲಿ ಹೊಕ್ಕು ಈ ವ್ಯಾಂಪ್ ಪ್ರೋಟೀನನ್ನು ಕತ್ತರಿಸುವುದು. ಚೀಲಗಳು ಪೊರೆಗೆ ಕೂಡಲಾರವು, ನಿಲ್ಲು ಎಂಬ ಸುದ್ದಿ ಹೊರಡದು, ಸ್ನಾಯುಗಳು ಬಿಗಿದು ಮೈ ಬಿಲ್ಲಿನಂತೆ ಬಾಗುತ್ತದೆ. ಧನುಸ್ಸು ಎಂಬ ಮಾತನ್ನು ಹಿಂದಿನವರು ನೋಡಿಯೇ ಇಟ್ಟಿದ್ದಾರೆ.

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ಒಂದನೆಯ ಬಗೆಯ ಮಧುಮೇಹದಲ್ಲಿ ಏನಾಗುತ್ತದೆ? ರೋಗಗಳಿಂದ ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಪರರೆಂದು ಬಗೆದು ನಾಶಮಾಡುತ್ತದೆ. ಉಗ್ರಾಣವೂ ಹೋಯಿತು, ಕಡವೂ ಹೋಯಿತು, ಅಪ್ಪಣೆಯನ್ನು ಕೇಳುವವರೂ ಹೋದರು. ಬೆಲ್ಲ ತಿಂದದ್ದರಿಂದ ಹೀಗಾಗುವುದಿಲ್ಲ. ತಾಯಿಯ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ. ಈ ಒಂದು ಮಾತನ್ನು ಅರ್ಥವಾಗುವ ಕನ್ನಡದಲ್ಲಿ, ಕಾಗದದ ಮೇಲೆ ಚಿತ್ರ ಬರೆದು ಹೇಳಲು ನಮಗೆ ಮೂರು ವಾರ ಬೇಕಾಯಿತು. ಹೇಳಿದ ದಿನ ಆ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡು, "ಹಾಗಾದರೆ ನಾನು ಮಾಡಿದ್ದಲ್ಲ" ಎಂದರು. ನಮ್ಮ ಮೂವತ್ತು ವರ್ಷದ ಅಧ್ಯಾಪನದಲ್ಲಿ ಅಷ್ಟು ಉಪಯೋಗಕ್ಕೆ ಬಂದ ಪಾಠ ಇನ್ನೊಂದಿಲ್ಲ.

ಆದರೆ ನಮ್ಮ ಓದು ಇನ್ನೂ ಪೂರ್ತಿಯಾಗಿರಲಿಲ್ಲವೆಂದು ಅದೇ ವರ್ಷ ಗೊತ್ತಾಯಿತು. ಶಾಲಾ ಕಲೋತ್ಸವದ ಅಭ್ಯಾಸ ನಡೆಯುತ್ತಿತ್ತು. ಯಕ್ಷಗಾನ ತಂಡದಲ್ಲಿ ಆ ಹುಡುಗಿಯೂ ಇದ್ದಳು. ಊಟದ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಚುಚ್ಚಿಕೊಂಡಿದ್ದಳು. ಇನ್ನೊಂದು ಸಲ ಆಗಲಿ, ಇನ್ನೊಂದು ಸಲ ಆಗಲಿ ಎಂದು ಅಭ್ಯಾಸ ಮುಂದುವರಿದು ಊಟ ಮುಕ್ಕಾಲು ಗಂಟೆ ತಡವಾಯಿತು. ಅವಳು ನಡುಗತೊಡಗಿದಳು, ಬೆವರಿದಳು, ಕೇಳಿದ್ದಕ್ಕೆ ಏನೇನೋ ಉತ್ತರ ಕೊಟ್ಟಳು. ಸಹಪಾಠಿಯೊಬ್ಬಳು ಓಡಿಹೋಗಿ ಅಡುಗೆಕೋಣೆಯಿಂದ ಸಕ್ಕರೆ ತಂದು ನೀರಲ್ಲಿ ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ಹುಡುಗಿ ಸರಿಹೋದಳು. ಆ ಸಹಪಾಠಿಗೆ ಗೊತ್ತಿದ್ದುದು ದೊಡ್ಡವರಾದ ನಮಗೆ ಗೊತ್ತಿರಲಿಲ್ಲ.

ಆ ದಿನ ನಮಗೆ ಅರ್ಥವಾದದ್ದು ಇದು. ಬೀಟಾ ಕೋಶಕ್ಕೆ ಸಕ್ಕರೆ ಹೆಚ್ಚಿದ್ದೂ ತಿಳಿಯುತ್ತದೆ, ಇಳಿದದ್ದೂ ತಿಳಿಯುತ್ತದೆ. ಇಳಿದಾಗ ಪೊಟ್ಯಾಸಿಯಂ ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಂ ಬಾಗಿಲು ಮುಚ್ಚುತ್ತದೆ, ಚೀಲಗಳು ಕಡವಿನಲ್ಲೇ ನಿಲ್ಲುತ್ತವೆ. ಊಟ ತಡವಾದರೆ ಇನ್ಸುಲಿನ್ನೂ ಕಾಯುತ್ತದೆ. ಸೂಜಿಯಿಂದ ಚುಚ್ಚಿದ ಇನ್ಸುಲಿನ್ ಹಾಗಲ್ಲ. ಚರ್ಮದ ಕೆಳಗೆ ಸೇರಿದ ಮೇಲೆ ಅದು ಬಿಡಿಯಾಗಿ ರಕ್ತಕ್ಕೆ ಇಳಿಯಲು ತೊಡಗಿದರೆ ನಿಲ್ಲಿಸುವವರಿಲ್ಲ. ಊಟದ ಗಂಟೆ ಹೊಡೆಯಿತೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಆದ್ದರಿಂದ ಆ ಕೇಳುವ ಕೆಲಸವನ್ನು ಮಗುವೂ ಮಗುವಿನ ಸುತ್ತಲಿನವರೂ ಮಾಡಬೇಕು. ಮನೆಯಲ್ಲಿರುವಾಗ ತಾಯಿತಂದೆ ಮಾಡುತ್ತಾರೆ. ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ ಮಾಡಬೇಕಾದವರು ಅಧ್ಯಾಪಕರು.

ಅಂದಿನಿಂದ ನಮ್ಮ ಶಾಲೆ ಕೆಲವು ನಿಯಮಗಳನ್ನು ಇಟ್ಟುಕೊಂಡಿದೆ. ಹೊಸ ಶತಮಾನದಲ್ಲೂ ಅವು ಉಳಿಯಬೇಕೆಂಬ ಆಸೆಯಿಂದ ಇಲ್ಲಿ ಹೇಳುತ್ತೇವೆ. ಯಾವ ಮಗುವಾದರೂ ಬಹಳ ಬಾಯಾರಿ ನೀರು ಕುಡಿಯುತ್ತಿದ್ದರೆ, ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತಿದ್ದರೆ, ಉಂಡರೂ ಸೊರಗುತ್ತಿದ್ದರೆ, ತೂಕಡಿಸುತ್ತಿದ್ದರೆ, ಗದರುವ ಮೊದಲು ಮನೆಯವರಿಗೆ ತಿಳಿಸಿ ಅಂದೇ ರಕ್ತದ ಸಕ್ಕರೆ ನೋಡಿಸಬೇಕು. ಈ ಕಾಯಿಲೆಯಿರುವ ಮಗು ತರಗತಿಯಿಂದ ಹೊರಗೆ ಹೋಗಲು, ನೀರು ಕುಡಿಯಲು, ಏನಾದರೂ ತಿನ್ನಲು ಅಪ್ಪಣೆ ಕೇಳಬೇಕಾಗಿಲ್ಲ, ಪರೀಕ್ಷೆಯ ಹೊತ್ತಿನಲ್ಲಿಯೂ. ಚುಚ್ಚಿಕೊಳ್ಳಲು ಶೌಚಾಲಯದ ಮೂಲೆಯನ್ನು ಹುಡುಕಬೇಕಾಗಿಲ್ಲ. ಅಧ್ಯಾಪಕರ ಕೊಠಡಿಯಲ್ಲಿ ಶುಚಿಯಾದ ಒಂದು ಜಾಗವಿದೆ. ಬಿಸಿಲುಕಾಲದಲ್ಲಿ ಔಷಧವನ್ನು ತಂಪಾಗಿಡಲು ನೀರು ತುಂಬಿದ ಮಣ್ಣಿನ ಮಡಕೆಯಿದೆ. ಕಾರ್ಯಕ್ರಮ ಏನೇ ಇರಲಿ, ಆ ಮಗುವಿನ ಊಟ ತಡವಾಗಬಾರದು. ನಡುಕ, ಬೆವರು, ತಬ್ಬಿಬ್ಬು ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕೊಡಬೇಕು, ಹದಿನೈದು ನಿಮಿಷ ಜೊತೆಯಲ್ಲೇ ಕುಳಿತಿರಬೇಕು, ಕಡಿಮೆಯಾಗದಿದ್ದರೆ ಇನ್ನೊಮ್ಮೆ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಂಥ ಮಕ್ಕಳಿಗಾಗಿ ಕೇರಳದ ಸಾಮಾಜಿಕ ಭದ್ರತಾ ಮಿಷನ್ನಿನ 'ಮಿಠಾಯಿ' ಎಂಬ ಯೋಜನೆಯಿದೆ. ಅದರ ಸುದ್ದಿಯನ್ನು ಮನೆಗೆ ಮುಟ್ಟಿಸುವುದೂ ಶಾಲೆಯ ಕೆಲಸ.

ರಕ್ಷಕರಲ್ಲಿ ಒಂದು ವಿನಂತಿ. ಮಗುವಿಗೆ ಈ ಕಾಯಿಲೆಯಿದ್ದರೆ ಶಾಲೆಯಿಂದ ಮರೆಮಾಚಬೇಡಿ. ಹೆಣ್ಣುಮಗು, ನಾಳೆ ಮದುವೆಗೆ ತೊಡಕಾದೀತು ಎಂಬ ಅಂಜಿಕೆಯನ್ನು ನಾವು ಬಲ್ಲೆವು. ಹೇಳದೆ ಹೋದರೆ ಆಗುವ ಹಾನಿ ಅದಕ್ಕಿಂತ ಬಹಳ ಹತ್ತಿರದ್ದು. ಅದು ಮದುವೆಯ ವಯಸ್ಸಿನವರೆಗೆ ಕಾಯುವುದಿಲ್ಲ. ಇನ್ಸುಲಿನ್ ಪ್ರೋಟೀನಾದುದರಿಂದ ಬಾಯಲ್ಲಿ ಕೊಟ್ಟರೆ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತದೆ, ಚುಚ್ಚುವುದೇ ದಾರಿ. ಯಾರೋ ಹೇಳಿದ ಕಷಾಯವನ್ನು ನಂಬಿ ಚುಚ್ಚುಮದ್ದನ್ನು ನಿಲ್ಲಿಸಬೇಡಿ.

ಕೊನೆಯದಾಗಿ ಭಾಷೆಯ ಮಾತು. ಈ ಸಭೆಯಲ್ಲಿರುವವರ ಮನೆಮಾತು ತುಳು, ಹವ್ಯಕ, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ ಎಂದು ಬಗೆಬಗೆ. ಎಲ್ಲರೂ ಕೂಡಿ ಓದಿದ್ದು ಕನ್ನಡದಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದರೆ ಮಕ್ಕಳಿಗೆ ವಿಜ್ಞಾನ ತಲುಪುವುದಿಲ್ಲವೆಂಬ ಮಾತನ್ನು ಪ್ರವೇಶದ ದಿನಗಳಲ್ಲಿ ನಾವು ಪ್ರತಿ ವರ್ಷ ಕೇಳುತ್ತೇವೆ. ಪೊರೆ, ಚೀಲ, ಕಡವು, ಹೊಸೆತ, ಕೂಡಿಕೆ, ಈ ಮಾತುಗಳನ್ನು ನಾವು ಹೊಸದಾಗಿ ಕಟ್ಟಲಿಲ್ಲ. ಅಡುಗೆಮನೆಯಲ್ಲಿ, ಅಂಗಳದಲ್ಲಿ, ಹೊಳೆಬದಿಯಲ್ಲಿ ಇದ್ದವನ್ನೇ ತಂದೆವು. ಇಲ್ಲದ ಕಡೆ ಕ್ಯಾಲ್ಸಿಯಂ ಎಂದೂ ಸ್ನೇರ್ ಎಂದೂ ಇದ್ದಂತೆ ಹೇಳಿದೆವು. ಅಷ್ಟರಿಂದ ಒಬ್ಬಳು ತಾಯಿಗೆ ತನ್ನ ಮಗಳ ದೇಹ ಅರ್ಥವಾಯಿತು. ಮುಂದಿನ ನೂರು ವರ್ಷ ಈ ಶಾಲೆ ನಡೆಯಬೇಕಾದರೆ ಇಂಥ ತಾಯಂದಿರು ಪ್ರಶ್ನೆ ಹೊತ್ತು ನಮ್ಮ ಬಾಗಿಲಿಗೆ ಬರುತ್ತಿರಬೇಕು, ನಾವು ಉತ್ತರ ಹುಡುಕಿ ಇಟ್ಟಿರಬೇಕು.

ಅಂದು ತರಗತಿಯಲ್ಲಿ ಗದರಿಸಿಕೊಂಡು ತಲೆ ತಗ್ಗಿಸಿ ನಿಂತಿದ್ದ ಆ ಮಗುವಿನ ಕ್ಷಮೆಯನ್ನು ಈ ತುಂಬಿದ ಸಭೆಯಲ್ಲಿ ಕೇಳಿ, ಮಾತು ಮುಗಿಸುತ್ತೇವೆ.